ಗರ್ಭಕೋಶದ ನಾರುಗಡ್ಡೆ: ಆಹಾರವು ಏನು ಮಾಡಬಲ್ಲದು, ಏನು ಮಾಡಲಾರದು

ಗಡಿನಾಡಿನ ಕನ್ನಡ ಶಾಲೆಗಳ ಪೋಷಕರ ಸಭೆಗಳಿಗೆ ಬರುವವರಲ್ಲಿ ತಾಯಂದಿರೇ ಹೆಚ್ಚು. ಮಕ್ಕಳ ಅಂಕ, ಸಮವಸ್ತ್ರ, ತಡವಾಗಿ ಬರುವ ಪಠ್ಯಪುಸ್ತಕಗಳ ಮಾತು ಮುಗಿದ ಮೇಲೆ ಶಿಕ್ಷಕಿಯರ ಬಳಿ ತಗ್ಗಿದ ದನಿಯಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: ಸ್ಕ್ಯಾನಿಂಗಿನಲ್ಲಿ ಗಡ್ಡೆ ಎಂದು ಬಂದಿದೆ, ಗರ್ಭಕೋಶವನ್ನೇ ತೆಗೆಸಿಬಿಡಿ ಎನ್ನುತ್ತಾರೆ, ಔಷಧವಿಲ್ಲದೆ ಆಹಾರದಿಂದಲೇ ಕರಗಿಸಲು ಬರುವುದಿಲ್ಲವೇ? ವರದಿ ಇಂಗ್ಲಿಷಿನಲ್ಲಿರುತ್ತದೆ, ವೈದ್ಯರ ವಿವರಣೆ ಮಲಯಾಳ, ತಮಿಳು, ಮರಾಠಿ ಇಲ್ಲವೇ ತೆಲುಗಿನಲ್ಲಿರುತ್ತದೆ, ಕೈಯೊಳಗಿನ ಮೊಬೈಲಿನಲ್ಲಿ ಮಾತ್ರ "ಇಪ್ಪತ್ತೊಂದು ದಿನದಲ್ಲಿ ಗಡ್ಡೆ ಮಾಯ" ಎಂಬ ಭರವಸೆ ಕನ್ನಡದಲ್ಲಿರುತ್ತದೆ. ಸರಿಯಾದ ಮಾಹಿತಿಯೂ ಕನ್ನಡದಲ್ಲಿಯೇ ದೊರೆಯಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ನಾವು ವೈದ್ಯರಲ್ಲ. ಇಲ್ಲಿರುವುದು ವೈದ್ಯರೊಡನೆ ತಿಳಿವಳಿಕೆಯಿಂದ ಮಾತನಾಡಲು ನೆರವಾಗುವ ಮಾಹಿತಿ, ಚಿಕಿತ್ಸೆಯ ಚೀಟಿಯಲ್ಲ.

ನಾರುಗಡ್ಡೆ ಎಂದರೇನು?

ಗರ್ಭಕೋಶದ ಗೋಡೆಯು ಮುಖ್ಯವಾಗಿ ಸ್ನಾಯುವಿನಿಂದಾದುದು. ಆ ಸ್ನಾಯುವಿನ ಒಂದು ಜೀವಕೋಶವು ಮಿತಿಮೀರಿ ವಿಭಜನೆಗೊಂಡು, ನಾರಿನಂಥ ಅಂಗಾಂಶದೊಡನೆ ಸೇರಿ ಗಟ್ಟಿಯಾದ ಉಂಡೆಯಾಗಿ ಬೆಳೆದಾಗ ಅದನ್ನು ನಾರುಗಡ್ಡೆ ಅಥವಾ ಫೈಬ್ರಾಯ್ಡ್ ಎನ್ನುತ್ತಾರೆ. ವರದಿಗಳಲ್ಲಿ ಮಯೋಮಾ, ಲಿಯೋಮಯೋಮಾ ಎಂದು ಕಂಡುಬರುವುದೂ ಇದೇ. ಗಾತ್ರವು ಕಡಲೆಕಾಳಿನಿಂದ ತೆಂಗಿನಕಾಯಿಯವರೆಗೂ ಇರಬಹುದು. ಒಂದೇ ಇರಬಹುದು, ಹತ್ತಾರು ಇರಬಹುದು.

ಇದು ಅಪರೂಪದ ಕಾಯಿಲೆಯಲ್ಲ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಅಂದಾಜಿನಂತೆ, ಐವತ್ತು ವರ್ಷ ತುಂಬುವುದರೊಳಗೆ ಅಲ್ಲಿನ ಬಿಳಿಯ ಮಹಿಳೆಯರಲ್ಲಿ ಸುಮಾರು ಶೇಕಡ 70 ಮಂದಿಗೆ, ಕಪ್ಪು ಮಹಿಳೆಯರಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿಗೆ ನಾರುಗಡ್ಡೆ ಉಂಟಾಗಿರುತ್ತದೆ. ಬಹುಪಾಲು ಮಹಿಳೆಯರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಬೇರಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಇರುವುದು ತಿಳಿಯುತ್ತದೆ, ಅಷ್ಟೆ. ತೊಂದರೆ ಕೊಡದ ಗಡ್ಡೆಗೆ ಸಾಮಾನ್ಯವಾಗಿ ಚಿಕಿತ್ಸೆಯೂ ಬೇಕಿಲ್ಲ. ಆಗಾಗ ಪರೀಕ್ಷೆ ಮಾಡಿಸುತ್ತಿದ್ದರೆ ಸಾಕು.

"ಗಡ್ಡೆ" ಎಂಬ ಮಾತು ಕಿವಿಗೆ ಬಿದ್ದೊಡನೆ ಕ್ಯಾನ್ಸರಿನ ಭಯ ಎದೆಗೆ ಹೊಕ್ಕುವುದು ಸಹಜ. ನಾರುಗಡ್ಡೆ ಕ್ಯಾನ್ಸರ್ ಅಲ್ಲ. ಗರ್ಭಕೋಶದ ಸ್ನಾಯುವಿನ ಕ್ಯಾನ್ಸರ್ ಎಂಬುದು ಪ್ರತ್ಯೇಕವಾದ, ಅತಿ ವಿರಳವಾದ ರೋಗ. ಆದರೆ ಮುಟ್ಟು ನಿಂತ ಮೇಲೆ ಗಡ್ಡೆ ಬೆಳೆಯುತ್ತಿದ್ದರೆ ಅಥವಾ ರಕ್ತ ಕಾಣಿಸಿಕೊಂಡರೆ ತಡಮಾಡದೆ ತಪಾಸಣೆ ಮಾಡಿಸಬೇಕು.

ಗಾತ್ರಕ್ಕಿಂತ ಸ್ಥಳ ಮುಖ್ಯ

ವರದಿಯಲ್ಲಿ ಗಡ್ಡೆಯ ಅಳತೆಯಷ್ಟೇ ಗಮನಿಸಬೇಕಾದದ್ದು ಅದು ಇರುವ ಜಾಗ.

• ಸಬ್‌ಮ್ಯುಕೋಸಲ್: ಗರ್ಭಕೋಶದ ಒಳಪದರದ ಕೆಳಗಿದ್ದು ಒಳಗಿನ ಟೊಳ್ಳಿನತ್ತ ಚಾಚಿರುವ ಗಡ್ಡೆ. ಚಿಕ್ಕದಿದ್ದರೂ ಹೆಚ್ಚು ರಕ್ತಸ್ರಾವವಾಗುತ್ತದೆ. ಗರ್ಭ ನಿಲ್ಲುವುದಕ್ಕೂ ಇದು ಅಡ್ಡಿಯಾಗಬಹುದು.

• ಇಂಟ್ರಾಮ್ಯೂರಲ್: ಗೋಡೆಯ ಸ್ನಾಯುವಿನೊಳಗೇ ಹುದುಗಿರುವುದು. ದೊಡ್ಡದಾದಾಗ ರಕ್ತಸ್ರಾವ, ಹೊಟ್ಟೆಭಾರ ಎರಡೂ ಕಾಣಿಸಿಕೊಳ್ಳಬಹುದು.

• ಸಬ್‌ಸೀರೋಸಲ್: ಹೊರಗೋಡೆಯಿಂದ ಹೊರಕ್ಕೆ ಬೆಳೆದಿರುವುದು. ರಕ್ತಸ್ರಾವಕ್ಕಿಂತ ಒತ್ತಡದ ತೊಂದರೆ ಹೆಚ್ಚು. ಮೂತ್ರಕೋಶವನ್ನು ಒತ್ತಿದರೆ ಪದೇಪದೇ ಮೂತ್ರ, ಹಿಂದಕ್ಕೆ ಒತ್ತಿದರೆ ಮಲಬದ್ಧತೆ, ಸೊಂಟನೋವು.

• ಪಿಡಂಕ್ಯುಲೇಟೆಡ್: ತೊಟ್ಟಿನ ಮೇಲೆ ನೇತಾಡುವ ಗಡ್ಡೆ. ತೊಟ್ಟು ತಿರುಚಿಕೊಂಡರೆ ಹಠಾತ್ತನೆ ತೀವ್ರ ನೋವು ಬರುತ್ತದೆ.

ಆದುದರಿಂದ "ಮೂರು ಸೆಂಟಿಮೀಟರ್ ಗಡ್ಡೆ" ಎಂಬಷ್ಟೇ ಮಾತಿನಿಂದ ಯಾವ ತೀರ್ಮಾನಕ್ಕೂ ಬರಲಾಗದು. ಅದೇ ಮೂರು ಸೆಂಟಿಮೀಟರ್ ಹೊರಗೋಡೆಯಲ್ಲಿದ್ದರೆ ಮರೆತುಬಿಡಬಹುದು, ಒಳಪದರದ ಕೆಳಗಿದ್ದರೆ ತಿಂಗಳು ತಿಂಗಳೂ ರಕ್ತ ಬಸಿದುಹೋಗಬಹುದು.

ಹಾರ್ಮೋನುಗಳ ಪಾತ್ರ

ನಾರುಗಡ್ಡೆ ಏಕೆ ಹುಟ್ಟುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಸುಮಾರು ಶೇಕಡ 70ರಷ್ಟು ಗಡ್ಡೆಗಳಲ್ಲಿ ಒಂದು ನಿರ್ದಿಷ್ಟ ಜೀನಿನಲ್ಲಿ ಬದಲಾವಣೆ ಇರುವುದನ್ನು ಫಿನ್ಲೆಂಡಿನ ಸಂಶೋಧಕರು 2011ರಲ್ಲಿ ತೋರಿಸಿದರು. ಇದು ಆ ಗಡ್ಡೆಯ ಜೀವಕೋಶದಲ್ಲಿ ಆಗುವ ಬದಲಾವಣೆ. ಮಹಿಳೆ ಮಾಡಿದ ಯಾವ ತಪ್ಪಿನ ಫಲವೂ ಅಲ್ಲ. ತಾಯಿಗೋ ಅಕ್ಕತಂಗಿಯರಿಗೋ ಇದ್ದವರಲ್ಲಿ, ಚಿಕ್ಕ ವಯಸ್ಸಿನಲ್ಲೇ ಮೈನೆರೆದವರಲ್ಲಿ, ಹೆರದವರಲ್ಲಿ, ದೇಹತೂಕ ಹೆಚ್ಚಿರುವವರಲ್ಲಿ, ರಕ್ತದೊತ್ತಡವುಳ್ಳವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಹುಟ್ಟಿದ ಗಡ್ಡೆಯನ್ನು ಬೆಳೆಸುವುದು ಅಂಡಾಶಯಗಳು ಸ್ರವಿಸುವ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳು. ಈ ಕಾರಣಕ್ಕೇ ಮೈನೆರೆಯುವ ಮೊದಲು ನಾರುಗಡ್ಡೆ ಇರುವುದಿಲ್ಲ, ಮುಟ್ಟು ನಿಂತ ಮೇಲೆ ಇದ್ದವು ಬಹುತೇಕ ಕುಗ್ಗುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. "ಈಸ್ಟ್ರೋಜೆನ್ ಹೆಚ್ಚಾಗಿದೆ, ಪ್ರೊಜೆಸ್ಟರಾನ್ ಕಡಿಮೆಯಾಗಿದೆ, ಎರಡನ್ನೂ ಸಮತೋಲನಕ್ಕೆ ತಂದರೆ ಗಡ್ಡೆ ಕರಗುತ್ತದೆ" ಎಂದು ಹಲವು ಪುಡಿ, ಕಷಾಯಗಳ ಜಾಹೀರಾತುಗಳು ಹೇಳುತ್ತವೆ. ನಿಜದಲ್ಲಿ ಪ್ರೊಜೆಸ್ಟರಾನ್ ಕೂಡ ನಾರುಗಡ್ಡೆಗೆ ಗೊಬ್ಬರವೇ. ಪ್ರೊಜೆಸ್ಟರಾನಿನ ಕೆಲಸವನ್ನು ತಡೆಯುವ ಔಷಧಗಳಿಂದ ಗಡ್ಡೆ ಕುಗ್ಗುವುದೇ ಇದಕ್ಕೆ ಸಾಕ್ಷಿ. ಜೊತೆಗೆ, ನಾರುಗಡ್ಡೆಯಿರುವ ಬಹುಪಾಲು ಮಹಿಳೆಯರ ರಕ್ತದಲ್ಲಿ ಹಾರ್ಮೋನಿನ ಮಟ್ಟ ಸಾಮಾನ್ಯವಾಗಿಯೇ ಇರುತ್ತದೆ. ಆ ಸಾಮಾನ್ಯ ಮಟ್ಟಕ್ಕೇ ಗಡ್ಡೆಯು ಅತಿಯಾಗಿ ಸ್ಪಂದಿಸುತ್ತದೆ.

ಹಾಗಾದರೆ ಆಹಾರಕ್ಕೂ ಹಾರ್ಮೋನಿಗೂ ಸಂಬಂಧವೇ ಇಲ್ಲವೇ? ಇದೆ, ಮೂರು ದಾರಿಗಳಲ್ಲಿ. ದೇಹದ ಕೊಬ್ಬಿನಲ್ಲಿಯೂ ಸ್ವಲ್ಪ ಈಸ್ಟ್ರೋಜೆನ್ ತಯಾರಾಗುವುದರಿಂದ ತೂಕ ಮಿತಿಯಲ್ಲಿದ್ದರೆ ಆ ಪಾಲು ತಗ್ಗುತ್ತದೆ. ಬಳಸಿದ ಈಸ್ಟ್ರೋಜೆನ್ನನ್ನು ಯಕೃತ್ತು ಪಿತ್ತರಸದ ಮೂಲಕ ಕರುಳಿಗೆ ಬಿಡುತ್ತದೆ. ನಾರಿನಂಶದ ಆಹಾರವು ಅದು ಮರಳಿ ರಕ್ತಕ್ಕೆ ಸೇರದೆ ಹೊರಹೋಗಲು ನೆರವಾಗುತ್ತದೆ. ಮೂರನೆಯದು ಡಿ ಜೀವಸತ್ವ. ಅದರ ಮಾತು ಮುಂದಿದೆ. ಇವೆಲ್ಲವೂ ಮೆಲ್ಲಗೆ, ವರ್ಷಗಳ ಲೆಕ್ಕದಲ್ಲಿ ನಡೆಯುವ ಪ್ರಭಾವಗಳು. ಬೆಳೆದ ಗಡ್ಡೆಯನ್ನು ಕರಗಿಸುವ ಶಕ್ತಿ ಇವುಗಳಿಗೆ ಇದೆಯೆಂದು ಯಾರೂ ಸಾಬೀತುಪಡಿಸಿಲ್ಲ.

ಸಂಶೋಧನೆ ಹೇಳಿರುವುದೆಷ್ಟು?

ಹಸಿರು ತರಕಾರಿ, ಹಣ್ಣುಗಳು: ಇಟಲಿಯಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಸಿರು ತರಕಾರಿ ಹೆಚ್ಚು ತಿನ್ನುವವರಲ್ಲಿ ನಾರುಗಡ್ಡೆ ಕಡಿಮೆಯೆಂದೂ ಕೆಂಪು ಮಾಂಸ ಹೆಚ್ಚು ತಿನ್ನುವವರಲ್ಲಿ ಅಧಿಕವೆಂದೂ ಕಂಡುಬಂದಿತು. ಇದು ಒಟ್ಟಿಗೆ ಕಾಣಿಸಿಕೊಂಡ ಸಂಬಂಧ. ಒಂದರಿಂದಲೇ ಇನ್ನೊಂದು ಆಯಿತೆನ್ನಲು ಇಷ್ಟು ಸಾಲದು.

ಡಿ ಜೀವಸತ್ವ: ಅಮೆರಿಕದ ವಾಷಿಂಗ್ಟನ್ ಪ್ರದೇಶದ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದಲ್ಲಿ ಡಿ ಜೀವಸತ್ವ ಸಾಕಷ್ಟಿದ್ದವರಲ್ಲಿ ನಾರುಗಡ್ಡೆಯ ಸಂಭವ ಸುಮಾರು ಶೇಕಡ 32 ಕಡಿಮೆಯಿತ್ತು. ಭಾರತೀಯ ಮಹಿಳೆಯರಲ್ಲಿ ಈ ಜೀವಸತ್ವದ ಕೊರತೆ ಬಹಳ ಸಾಮಾನ್ಯ. ಕೊರತೆಯಿದ್ದರೆ ವೈದ್ಯರ ಸಲಹೆಯಂತೆ ಸರಿಪಡಿಸಿಕೊಳ್ಳುವುದು ಎಲುಬಿಗಂತೂ ಒಳ್ಳೆಯದು. ಅಳತೆಮೀರಿ ನುಂಗಿದರೆ ಮೂತ್ರಪಿಂಡಕ್ಕೆ ಹಾನಿ.

ಹಸಿರು ಚಹಾದ ಸಾರ: ಈಜಿಪ್ಟಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ, ದಿನಕ್ಕೆ 800 ಮಿಲಿಗ್ರಾಂ ಸಾರವನ್ನು ನಾಲ್ಕು ತಿಂಗಳು ಸೇವಿಸಿದವರ ಗಡ್ಡೆಗಳ ಗಾತ್ರ ಸುಮಾರು ಮೂರನೆಯ ಒಂದು ಭಾಗ ಕುಗ್ಗಿತು. ಭಾಗವಹಿಸಿದವರ ಸಂಖ್ಯೆ ನಲವತ್ತಕ್ಕಿಂತ ಕಡಿಮೆ. ಇದು ಆಶಾದಾಯಕ, ಆದರೆ ನೆಚ್ಚಿಕೊಳ್ಳಲು ಸಾಲದಷ್ಟು ಚಿಕ್ಕದು. ಈ ಸಾರದಲ್ಲಿರುವ ಇಜಿಸಿಜಿ ಎಂಬ ಅಂಶವನ್ನು ಗುಳಿಗೆಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದರೆ ಯಕೃತ್ತಿಗೆ ತೊಂದರೆಯಾಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಹಸಿರು ಚಹಾ ಕುಡಿಯುವುದು ಬೇರೆ, ಅದರ ಸಾರದ ಗುಳಿಗೆ ನುಂಗುವುದು ಬೇರೆ.

ಅರಿಶಿನ, ಮೆಂತ್ಯ, ಅಗಸೆ, ಹರಳೆಣ್ಣೆಯ ಪಟ್ಟಿ: ಅರಿಶಿನದ ಸತ್ವದ ಮೇಲೆ ಪ್ರಯೋಗಾಲಯದ ಜೀವಕೋಶಗಳಲ್ಲಿ ಅಧ್ಯಯನಗಳಾಗಿವೆ. ಅಡುಗೆಯ ಅರಿಶಿನದಿಂದ ಮಹಿಳೆಯರ ಗಡ್ಡೆ ಕುಗ್ಗಿತೆಂಬ ಪುರಾವೆಯಿಲ್ಲ. ಮೆಂತ್ಯ, ಅಗಸೆ ಒಳ್ಳೆಯ ಆಹಾರಗಳು, ಔಷಧಗಳಲ್ಲ. ಹೊಟ್ಟೆಯ ಮೇಲೆ ಹರಳೆಣ್ಣೆಯ ಪಟ್ಟಿ ಹಾಕಿದರೆ ಬಿಸಿಯಿಂದ ನೋವಿಗೆ ಹಿತವೆನಿಸಬಹುದು, ಗಡ್ಡೆಗೆ ಅದು ತಲುಪುವುದಿಲ್ಲ.

ಆಯುರ್ವೇದ: ಕಾಂಚನಾರ ಗುಗ್ಗುಲು, ಅಶೋಕಾರಿಷ್ಟ ಮುಂತಾದವನ್ನು ವೈದ್ಯರು ಬಳಸುವುದುಂಟು. ದೊಡ್ಡ ಪ್ರಮಾಣದ, ಗಟ್ಟಿಯಾದ ಪರೀಕ್ಷೆಗಳ ಬೆಂಬಲ ಇವಕ್ಕೆ ಇನ್ನೂ ದೊರೆತಿಲ್ಲ. ತೆಗೆದುಕೊಳ್ಳುವವರು ಪದವೀಧರ ಆಯುರ್ವೇದ ವೈದ್ಯರ ಬಳಿಗೇ ಹೋಗಲಿ, ಅದನ್ನು ಸ್ತ್ರೀರೋಗ ತಜ್ಞರಿಗೂ ತಿಳಿಸಲಿ. ಹೆಸರಿಲ್ಲದ ಪೊಟ್ಟಣದ ಭಸ್ಮಗಳಲ್ಲಿ ಸೀಸ, ಪಾದರಸಗಳಿರುವ ಅಪಾಯವಿದೆ.

ಆಹಾರದ ನಿಜವಾದ ಕೆಲಸ: ರಕ್ತವನ್ನು ಉಳಿಸಿಕೊಳ್ಳುವುದು

ನಾರುಗಡ್ಡೆಯಿಂದ ನಮ್ಮ ಮಹಿಳೆಯರಿಗಾಗುವ ಅತಿದೊಡ್ಡ ನಷ್ಟ ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 57 ಮಂದಿ ರಕ್ತಹೀನರು. ಆಂಧ್ರಪ್ರದೇಶದಲ್ಲಿ ಸುಮಾರು 59, ತೆಲಂಗಾಣದಲ್ಲಿ 58, ಮಹಾರಾಷ್ಟ್ರದಲ್ಲಿ 54, ತಮಿಳುನಾಡಿನಲ್ಲಿ 53, ಗೋವಾದಲ್ಲಿ 39, ಕೇರಳದಲ್ಲಿ 36. ಮೊದಲೇ ಬಡವಾದ ರಕ್ತವು ತಿಂಗಳು ತಿಂಗಳೂ ಅತಿಯಾಗಿ ಹರಿದುಹೋದರೆ ಉಳಿಯುವುದೇನು? ಮೆಟ್ಟಿಲೇರಿದರೆ ಏದುಸಿರು, ಎದೆಬಡಿತ, ತಲೆಸುತ್ತು, ಮಣ್ಣು ಅಥವಾ ಹಸಿ ಅಕ್ಕಿ ತಿನ್ನಬೇಕೆಂಬ ಬಯಕೆ ಇವೆಲ್ಲ ಅದರ ಗುರುತುಗಳು. ಆಹಾರವು ಖಚಿತವಾಗಿ ನೆರವಾಗುವುದು ಇಲ್ಲಿಯೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಿದಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ನಮ್ಮ ಅಡುಗೆಮನೆಯ ಧಾನ್ಯಗಳ 100 ಗ್ರಾಂನಲ್ಲಿ ಇರುವುದು ಹೀಗೆ: ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂಗಿಂತ ಕಡಿಮೆ, ಜೋಳದಲ್ಲಿ ಸುಮಾರು 4, ರಾಗಿಯಲ್ಲಿ ನಾಲ್ಕೂವರೆ, ಸಜ್ಜೆಯಲ್ಲಿ ಆರಕ್ಕಿಂತ ಹೆಚ್ಚು, ಹುರುಳಿಯಲ್ಲಿ ಎಂಟಕ್ಕಿಂತ ಹೆಚ್ಚು. ಪಡಿತರದ ಬಿಳಿ ಅಕ್ಕಿ ಬಂದ ಮೇಲೆ ಗಡಿಯ ಊರುಗಳಲ್ಲಿ ಮುದ್ದೆ, ರೊಟ್ಟಿಗಳು ಹಿಂದೆ ಸರಿದದ್ದರಿಂದ ನಾವು ಕಳೆದುಕೊಂಡದ್ದೇನೆಂದು ಈ ಅಂಕಿಗಳೇ ಹೇಳುತ್ತವೆ.

ಹೊಸೂರು, ತಾಳವಾಡಿ, ಮಡಕಶಿರಾ ಕಡೆಯ ಮನೆಗಳಲ್ಲಿ ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಅವರೆಕಾಳು; ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಜೋಳ ಮತ್ತು ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಮೆಂತ್ಯ; ಆದವಾನಿ, ರಾಯದುರ್ಗದ ಕಡೆ ಪುಂಡಿಸೊಪ್ಪು, ಸಜ್ಜೆ; ಕಾಸರಗೋಡಿನಲ್ಲಿ ಕುಚ್ಚಲಕ್ಕಿ ಗಂಜಿ, ನುಗ್ಗೆಸೊಪ್ಪು, ಹೆಸರುಕಾಳು, ತಿನ್ನುವವರಿಗೆ ಬೂತಾಯಿ ಮೀನು. ಯಾವ ಊರಿನವರೂ ದುಬಾರಿ ಪುಡಿಗಳನ್ನು ಕೊಳ್ಳಬೇಕಿಲ್ಲ. ಹಳೆಯ ತಟ್ಟೆಗೆ ಮರಳಿದರೆ ಸಾಕು.

ತಿಂದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಡುತ್ತದೆ. ಆದ್ದರಿಂದ ಈ ನಿಯಮಗಳು:

• ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿ. ರಾಗಿಯನ್ನೂ ಮೊಳಕೆ ಕಟ್ಟಿ ಹಿಟ್ಟು ಮಾಡಿಸಬಹುದು. ಹುದುಗು ಬಂದ ಹಿಟ್ಟಿನ ದೋಸೆ, ಇಡ್ಲಿಯೂ ಒಳ್ಳೆಯದು.

• ಊಟದೊಡನೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿ ಒಂದಿರಲಿ. ಸಿ ಜೀವಸತ್ವವು ಕಬ್ಬಿಣ ಹೀರಿಕೊಳ್ಳುವುದನ್ನು ಹೆಚ್ಚಿಸುತ್ತದೆ.

• ಚಹಾ, ಕಾಫಿ ಊಟದೊಡನೆ ಬೇಡ. ಊಟಕ್ಕೂ ಅವಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ.

• ಬೆಲ್ಲವನ್ನು ಕಬ್ಬಿಣದ ಔಷಧವೆಂದು ನಂಬಿ ಹೆಚ್ಚು ತಿನ್ನಬೇಡಿ. ಅದೂ ಸಕ್ಕರೆಯೇ.

• ಕಬ್ಬಿಣದ ಬಾಣಲೆಯಲ್ಲಿ ಸೊಪ್ಪು, ಹುಳಿ ಪದಾರ್ಥ ಬೇಯಿಸಿದರೆ ಸ್ವಲ್ಪ ಕಬ್ಬಿಣಾಂಶ ಸೇರುತ್ತದೆ.

ಹಿಮೋಗ್ಲೋಬಿನ್ ಮಟ್ಟ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, 8ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. ಒಮ್ಮೆ ಇಳಿದ ಮಟ್ಟವನ್ನು ಆಹಾರವೊಂದರಿಂದಲೇ ಏರಿಸುವುದು ಬಹಳ ನಿಧಾನ. ಕಬ್ಬಿಣದ ಮಾತ್ರೆ ಬೇಕೇಬೇಕು, ಕೆಲವೊಮ್ಮೆ ನರಕ್ಕೆ ಕೊಡುವ ಚುಚ್ಚುಮದ್ದೂ ಬೇಕು. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬಾರದು. ಹೊಟ್ಟೆ ಕೆಡಿಸಿದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಹಾಲು, ಚಹಾ, ಕ್ಯಾಲ್ಸಿಯಂ ಮಾತ್ರೆಗಳೊಡನೆ ಅದನ್ನು ನುಂಗಬಾರದು. ಚಿಕ್ಕಮಕ್ಕಳು ಈ ಮಾತ್ರೆಗಳನ್ನು ತಿಂದರೆ ವಿಷವಾಗುತ್ತದೆ, ಎತ್ತರದಲ್ಲಿಡಿ.

ಯಾವಾಗ ಕಾಯಬಾರದು?

"ಹೆಣ್ಣಿನ ಜನ್ಮ, ಸಹಿಸಬೇಕು" ಎಂಬ ಮಾತಿನಿಂದ ಎಷ್ಟೋ ಮಹಿಳೆಯರು ವರ್ಷಗಟ್ಟಲೆ ಅತಿಸ್ರಾವವನ್ನು ಸಾಮಾನ್ಯವೆಂದೇ ಭಾವಿಸಿರುತ್ತಾರೆ. ಮುಟ್ಟು ಏಳು ದಿನ ಮೀರಿದರೆ, ಗಂಟೆಗೊಂದರಂತೆ ಕೆಲವು ಗಂಟೆಗಳ ಕಾಲ ಪ್ಯಾಡ್ ಅಥವಾ ಬಟ್ಟೆ ಪೂರ್ತಿ ನೆನೆದರೆ, ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬಿದ್ದರೆ, ರಾತ್ರಿ ಎದ್ದು ಬದಲಿಸಬೇಕಾದರೆ ಅದು ಅತಿಸ್ರಾವ. ವೈದ್ಯರನ್ನು ಕಾಣಬೇಕು. ರಕ್ತ ನಿಲ್ಲದೆ ಕಣ್ಣು ಕತ್ತಲೆ ಬಂದರೆ, ಹಠಾತ್ತನೆ ತೀವ್ರ ಹೊಟ್ಟೆನೋವು ಬಂದರೆ, ಮೂತ್ರ ಕಟ್ಟಿಕೊಂಡರೆ, ಗರ್ಭಿಣಿಗೆ ರಕ್ತ ಕಂಡರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ಇಂಥ ಸಂದರ್ಭದಲ್ಲಿ ಕಷಾಯ ಕುದಿಸುತ್ತ ಕೂರುವುದು ಜೀವಕ್ಕೇ ಅಪಾಯ.

ಚಿಕಿತ್ಸೆಯ ಮೆಟ್ಟಿಲುಗಳು

ಮೊದಲ ಮೆಟ್ಟಿಲು ರಕ್ತಸ್ರಾವ ತಗ್ಗಿಸುವ ಮಾತ್ರೆಗಳು. ಟ್ರಾನೆಕ್ಸಾಮಿಕ್ ಆಮ್ಲವನ್ನು ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುತ್ತಾರೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ ಅದು ಸಲ್ಲದು. ಮೆಫೆನಾಮಿಕ್ ಆಮ್ಲ ನೋವನ್ನೂ ಸ್ವಲ್ಪ ಸ್ರಾವವನ್ನೂ ತಗ್ಗಿಸುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಓರ್ಮೆಲಾಕ್ಸಿಫೀನ್ ಎಂಬ ಮಾತ್ರೆಯನ್ನು ಸರ್ಕಾರವು "ಛಾಯಾ" ಎಂಬ ಹೆಸರಿನಲ್ಲಿ ಗರ್ಭನಿರೋಧಕವಾಗಿ ಹಂಚುತ್ತದೆ. ಅತಿಸ್ರಾವಕ್ಕೂ ವೈದ್ಯರು ಇದನ್ನು ಬರೆಯುವುದುಂಟು. ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನವು ವರ್ಷಗಳ ಕಾಲ ಸ್ರಾವ ತಗ್ಗಿಸುತ್ತದೆ. ಒಳಗಿನ ಟೊಳ್ಳು ಗಡ್ಡೆಯಿಂದ ಬಹಳ ವಿಕಾರಗೊಂಡಿದ್ದರೆ ಮಾತ್ರ ಅದು ಹೊಂದುವುದಿಲ್ಲ.

ಎರಡನೆಯದು ಗಡ್ಡೆಯನ್ನು ಕುಗ್ಗಿಸುವ ಚುಚ್ಚುಮದ್ದು, ಮಾತ್ರೆಗಳು. ಇವು ಹಾರ್ಮೋನನ್ನು ತಾತ್ಕಾಲಿಕವಾಗಿ ತಡೆಯುತ್ತವೆ. ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಕೆಲವು ದೀರ್ಘಕಾಲ ಬಳಸಿದರೆ ಎಲುಬು ಸವೆಯುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ, ಅಥವಾ ಮುಟ್ಟು ನಿಲ್ಲುವ ವಯಸ್ಸು ಹತ್ತಿರವಿದ್ದವರಿಗೆ ಇವು ಹೆಚ್ಚು ಉಪಯುಕ್ತ.

ಮೂರನೆಯದು ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ. ಒಳಪದರದ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಯೋನಿಮಾರ್ಗದಿಂದಲೇ ತೆಗೆಯಬಹುದು. ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮುಚ್ಚುವ ವಿಧಾನವೊಂದು 1995ರಿಂದ ಬಳಕೆಯಲ್ಲಿದೆ, ದೊಡ್ಡ ನಗರಗಳಲ್ಲಿ ದೊರೆಯುತ್ತದೆ. ಹೊಸ ಗಡ್ಡೆಗಳು ಮತ್ತೆ ಹುಟ್ಟಬಹುದೆಂಬುದನ್ನು ತಿಳಿದಿರಬೇಕು.

ಕೊನೆಯ ಮೆಟ್ಟಿಲು ಗರ್ಭಕೋಶವನ್ನೇ ತೆಗೆಯುವುದು. ಬೇರೆ ದಾರಿಗಳು ಫಲಿಸದಾಗ, ಗಡ್ಡೆಗಳು ಬಹಳ ದೊಡ್ಡವಾಗಿದ್ದಾಗ, ಮಹಿಳೆ ಎಲ್ಲವನ್ನೂ ತಿಳಿದು ಒಪ್ಪಿದಾಗ ಇದು ಸರಿಯಾದ, ನೆಮ್ಮದಿ ತರುವ ಚಿಕಿತ್ಸೆ. ಅದನ್ನು ಮಾಡಿಸಿಕೊಂಡವರು ಯಾವ ಅಪರಾಧಭಾವವನ್ನೂ ಹೊರಬೇಕಿಲ್ಲ. ನಮ್ಮ ಆಕ್ಷೇಪವಿರುವುದು ಕೊನೆಯ ಮೆಟ್ಟಿಲನ್ನೇ ಮೊದಲ ಮೆಟ್ಟಿಲೆಂದು ತೋರಿಸುವುದಕ್ಕೆ.

ಗಡಿಜಿಲ್ಲೆಗಳಿಗೆ ಇದು ಏಕೆ ಮುಖ್ಯ?

ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡಿದ್ದರೆ, ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಆ ಸಂಖ್ಯೆ ಎಂಟರಿಂದ ಒಂಬತ್ತು. ದೇಶದಲ್ಲೇ ಅದು ಅತಿ ಹೆಚ್ಚು. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿಯು ಕಬ್ಬು ಕಡಿಯುವ ಸುಮಾರು 82 ಸಾವಿರ ಮಹಿಳೆಯರ ಸಮೀಕ್ಷೆ ನಡೆಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ಕಳೆದುಕೊಂಡಿದ್ದುದು ತಿಳಿದುಬಂದಿತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಮೇಸ್ತ್ರಿ ದಂಡ ಹಾಕುತ್ತಾನೆಂಬುದೂ ಅದಕ್ಕೆ ಒಂದು ಕಾರಣವಾಗಿತ್ತು. ಬೀಡ, ಸೊಲ್ಲಾಪುರ, ಜತ್ತದ ಕಬ್ಬಿನ ದಾರಿಗಳು ಒಂದಕ್ಕೊಂದು ಕೂಡುವಂಥವು. ನಮ್ಮ ಶಾಲೆಗಳ ಹಲವು ಮಕ್ಕಳ ತಾಯಂದಿರೂ ಆ ದಾರಿಗಳಲ್ಲೇ ನಡೆಯುವವರು.

ಮುಟ್ಟು ಸಹಜವಾಗಿ ನಿಲ್ಲುವ ಮೊದಲೇ ಅಂಡಾಶಯಗಳನ್ನೂ ತೆಗೆದರೆ ಎಲುಬು ಬೇಗ ಸವೆಯುತ್ತದೆ, ಹೃದಯರೋಗದ ಅಪಾಯ ಏರುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಹಾರ್ಮೋನುಗಳು ಕೆಲ ವರ್ಷ ಮೊದಲೇ ಇಳಿಯಬಹುದು. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲಿನಲ್ಲಿ ಆದೇಶಿಸಿತು.

ಒಪ್ಪಿಗೆಯ ವಿಚಾರದಲ್ಲಿಯೂ ಕಾನೂನು ಸ್ಪಷ್ಟವಾಗಿದೆ. ಪರೀಕ್ಷೆಗೆಂದು ಒಪ್ಪಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ಆಕೆ ಪ್ರಜ್ಞೆಯಲ್ಲಿಲ್ಲದಾಗ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ, ಆ ಒಪ್ಪಿಗೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿದೆ. ಗಂಡನ ರುಜು, ಅತ್ತೆಯ ಹೂಂಕಾರ ಯಾವುದೂ ಮಹಿಳೆಯ ಸ್ವಂತ ಒಪ್ಪಿಗೆಗೆ ಬದಲಾಗಲಾರದು. ರೋಗಿಗಳ ಹಕ್ಕುಗಳ ಸನ್ನದಿನಂತೆ ತನಗೆ ಅರ್ಥವಾಗುವ ಭಾಷೆಯಲ್ಲಿ ವಿವರಣೆ ಪಡೆಯುವುದು, ವರದಿಗಳ ಪ್ರತಿ ಪಡೆಯುವುದು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. ಭಾಷಾ ಅಲ್ಪಸಂಖ್ಯಾತರ ಹೋರಾಟವೆಂದರೆ ನಾಮಫಲಕ, ಪಠ್ಯಪುಸ್ತಕಗಳಿಗಷ್ಟೇ ಸೀಮಿತವಲ್ಲ. ರುಜು ಹಾಕುವ ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿಯುವುದೂ ಅದರ ಭಾಗವೆಂದು ನಾವು ನಂಬಿದ್ದೇವೆ.

ಆಸ್ಪತ್ರೆಯ ಮಾತುಗಳು

• ಗರ್ಭಕೋಶ: ಮಲಯಾಳದಲ್ಲಿ ಗರ್ಭಪಾತ್ರಂ, ತಮಿಳಿನಲ್ಲಿ ಕರುಪ್ಪೈ, ಮರಾಠಿಯಲ್ಲಿ ಗರ್ಭಾಶಯ ಅಥವಾ ಪಿಶವಿ, ತೆಲುಗಿನಲ್ಲಿ ಗರ್ಭಸಂಚಿ.

• ಮುಟ್ಟು: ಮಲಯಾಳದಲ್ಲಿ ಆರ್ತವಂ, ತಮಿಳಿನಲ್ಲಿ ಮಾದವಿಡಾಯ್, ಮರಾಠಿಯಲ್ಲಿ ಪಾಳಿ, ತೆಲುಗಿನಲ್ಲಿ ನೆಲಸರಿ.

• ಗಡ್ಡೆ: ಮಲಯಾಳದಲ್ಲಿ ಮುಳ, ತಮಿಳಿನಲ್ಲಿ ಕಟ್ಟಿ, ಮರಾಠಿಯಲ್ಲಿ ಗಾಠ, ತೆಲುಗಿನಲ್ಲಿ ಗಡ್ಡ ಅಥವಾ ಕಣಿತಿ.

• ರಕ್ತಹೀನತೆ: ಮಲಯಾಳದಲ್ಲಿ ವಿಳರ್ಚ, ತಮಿಳಿನಲ್ಲಿ ರತ್ತಸೋಗೈ, ಮರಾಠಿಯಲ್ಲಿ ರಕ್ತಕ್ಷಯ, ತೆಲುಗಿನಲ್ಲಿ ರಕ್ತಹೀನತ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ಎಷ್ಟಿವೆ?
2. ನನ್ನ ತೊಂದರೆಗೆ ಆ ಗಡ್ಡೆಯೇ ಕಾರಣವೇ? ಥೈರಾಯ್ಡ್ ಮುಂತಾದ ಬೇರೆ ಕಾರಣಗಳನ್ನು ಪರೀಕ್ಷಿಸಬೇಕೇ?
3. ನನ್ನ ಹಿಮೋಗ್ಲೋಬಿನ್ ಎಷ್ಟಿದೆ?
4. ಮಾತ್ರೆ ಅಥವಾ ಗಡ್ಡೆಯನ್ನಷ್ಟೇ ತೆಗೆಯುವ ದಾರಿ ನನಗೆ ಹೊಂದುವುದೇ?
5. ಆರು ತಿಂಗಳು ಕಾದರೆ ಏನಾಗಬಹುದು?
6. ಗರ್ಭಕೋಶ ತೆಗೆಯಬೇಕೆಂದಾದರೆ ಅಂಡಾಶಯಗಳನ್ನು ಉಳಿಸುವಿರಾ?

ಭಾಷೆ ಅರಿಯದವರು ಓದುಬರಹ ಬಲ್ಲ ಮಗಳನ್ನೋ ಆಶಾ ಕಾರ್ಯಕರ್ತೆಯನ್ನೋ ನೆರೆಯ ಶಿಕ್ಷಕಿಯನ್ನೋ ಜೊತೆಗೆ ಕರೆದೊಯ್ಯಬಹುದು. ಕನಿಷ್ಠ ಮೂರು ತಿಂಗಳ ಮುಟ್ಟಿನ ದಿನಾಂಕ, ದಿನಗಳ ಸಂಖ್ಯೆ, ಬದಲಿಸಿದ ಪ್ಯಾಡುಗಳ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಅದು ಯಾವ ಭಾಷೆಯ ವೈದ್ಯರಿಗೂ ಅರ್ಥವಾಗುವ ದಾಖಲೆ.

ಶಾಲೆಯಿಂದಲೇ ಆರಂಭ

ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಮಕ್ಕಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಹೆಣ್ಣುಮಕ್ಕಳು ಚರಂಡಿಗೆ ಎಸೆಯದಂತೆ ಮನೆಯವರು ತಿಳಿಹೇಳಬೇಕು. ಫೆಬ್ರವರಿ ಮತ್ತು ಆಗಸ್ಟ್ 10ರ ಸುಮಾರಿಗೆ ಕೊಡುವ ಜಂತುಹುಳುವಿನ ಮಾತ್ರೆಯೂ ರಕ್ತ ಉಳಿಸುವ ಮಾತ್ರೆಯೇ. ಮಗಳ ಮುಟ್ಟು ಏಳು ದಿನ ಮೀರುತ್ತಿದ್ದರೆ, ಪ್ರತಿ ತಿಂಗಳೂ ಆಕೆ ಶಾಲೆ ತಪ್ಪಿಸುತ್ತಿದ್ದರೆ ಅದನ್ನು ಸೋಮಾರಿತನವೆನ್ನದೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ತಾಯಿಯ ತಟ್ಟೆಗೆ ಕಾಳು, ಸೊಪ್ಪು ಮೊದಲು ಬೀಳಲಿ. ಇದನ್ನು ನೋಡಿ ಬೆಳೆದ ಮಕ್ಕಳಿಗೆ ಪೌಷ್ಟಿಕತೆಯ ಪಾಠವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ಈ ಪ್ರಶ್ನೆಗಳ ಪಟ್ಟಿಯನ್ನು ಪ್ರತಿ ಮಾಡಿಸಿ ಹಂಚುವಂತೆ ಎಲ್ಲ ಕನ್ನಡ ಶಾಲೆಗಳ ತಾಯಂದಿರ ಸಮಿತಿಗಳನ್ನು ನಾವು ಕೋರುತ್ತೇವೆ.